ಎಣ್ಣಿ ಖರ್ಚು

ಇಪ್ಪತ್ತೆರಡು ವರ್ಷ ಈ ಸಂಘದ ಲೆಕ್ಕ ಬರದಾಂವ ನಾನು.
ಗದಗ-ಬೆಟಗೇರಿ ಟಾಂಗಾ ಶರ್ಯತ್ತಿನ ಸಂಘ,
ಮುಳಗುಂದ ನಾಕಾದಾಗ ಒಂದು ಖೋಲಿ,
ಮ್ಯಾಲೆ ತಗಡು, ಒಳಗ ಹುಲ್ಲಿನ ವಾಸನಿ,
ಗ್ವಾಡಿಗೆ ಒಂಬತ್ತು ಮಂದಿ ಅಧ್ಯಕ್ಷರ ಫೋಟೋ.
ಎಲ್ಲಾರ ತಲಿಮ್ಯಾಲೂ ಒಂದ ರುಮಾಲು:
ಫೋಟೋದಂಗಡಿಯವನ ರುಮಾಲದು.

ಹತ್ತನೇದಾಕಿ ಜನ್ನತಬಿ ನಾಲಬಂದ.
ಬೆಟಗೇರಿಯವರು ಗದಗಿನವರನ್ನ ಒಪ್ಪಲಿಲ್ಲ,
ಗದಗಿನವರು ಬೆಟಗೇರಿಯವರನ್ನ.
"ಲಾಳ ಬಡಿಯೋ ಹೆಣ್ಮಗಳು, ಇರಲಿ ಬಿಡು,
ಸಹಿ ಮಾಡಂದಲ್ಲಿ ಮಾಡ್ತಾಳ" ಅಂತ
ಚಾ ಆರೂದರೊಳಗ ಆರಿಸಿಬಿಟ್ರು.

ಮೊದಲನೇ ಮೀಟಿಂಗು. ಕಿರ್ದಿ ಹಿಡಕೊಂಡು ನಿಂತೆ.
ಕಿರ್ದಿ ಕೇಳಲಿಲ್ಲ ಆಕಿ.
"ಎಲ್ಲಾರೂ ಚಾಬೂಕ ತಂದು ಟೇಬಲ್ಲಿನ ಮ್ಯಾಲಿಡ್ರಿ."
ಹತ್ತೊಂಬತ್ತು ಚಾಬೂಕ.
ಗೊರಸು ನೋಡೂವಂಗ ಒಂದೊಂದನ್ನೂ
ಹೆಬ್ಬೆರಳಿಲೆ ಸವರಿಕೋತ ಹೋದ್ಲು, ತುದೀತನಕ.
ಏಳರಾಗ ಮೊಳಿ ಇತ್ತು, ತೊಗಲಿನೊಳಗಿಟ್ಟು ಹೊಲದದ್ದು.
ಏಳನೇದು ಆಕಿ ತಮ್ಮ ದಾವಲನದು,
ಮೂರು ವರ್ಷದಿಂದ ಪೈಲಾ ನಂಬರಿನ ದಾವಲನದು.
ಬೆರಳಿಗೆ ರಕ್ತ ಬಂತು. ಸೆರಗಿಗೆ ಒರಸಿಕೊಂಡು
ಎಂಟನೇದಕ್ಕ ಕೈ ಹಾಕಿದ್ಲು.

ಯಾರೂ ಕೆಮ್ಮಲಿಲ್ಲ.

ಆಮ್ಯಾಲೆ ನನ್ನ ಸರದಿ.
"ಕಾರಕೂನ್ರ, ಎಣ್ಣಿ ಖರ್ಚು ಅಂದ್ರ ಏನ್ರಿ ಇದು?"
ಪ್ರತಿ ಶರ್ಯತ್ತಿಗೂ ಬರದೀನಿ, ದುಂಡನ್ನ ಅಕ್ಷರದಾಗ:
ಎಣ್ಣಿ ಖರ್ಚು, ಎಂಟುನೂರು.
ಎಣ್ಣಿ ಖರ್ಚು, ಸಾವಿರದಾ ಎರಡುನೂರು.
ಎರಡು ಗಾಲಿಗೆ ಎಣ್ಣಿ ಎಷ್ಟು ಹತ್ತೀತು?
ಆ ಎಣ್ಣಿ ಸಣ್ಣ ಬಾಟ್ಲಿಯೊಳಗ ಬರತಿತ್ತು, ಜೋಡಿಗೊಂದು ಸೂಜಿ,
ಆಕಿಗೂ ಗೊತ್ತು, ನನಗೂ ಗೊತ್ತು.
"ಗಾಲಿಗೆ" ಅನ್ನಾಕ ಬಾಯಿ ತೆರದೆ.
ಸುಳ್ಳನ್ನ ಬರಿಯೂದು ಸರಳ, ಮಸಿ ಕಲಿಸಿಕೊಡತೈತಿ,
ನಾಲಿಗಿಗೆ ಆ ಅಭ್ಯಾಸ ಇರಲಿಲ್ಲ.
"ಕುದುರಿಗೆ" ಅಂದೆ.

"ಠರಾವು ಬರಕೋರಿ.
ಮೊಳಿ ಸಿಕ್ಕರ ಒಂದು ವರ್ಷ ಹೊರಗ.
ಸೂಜಿ ಸಿಕ್ಕರ ಮತ್ತ ಒಳಗಿಲ್ಲ.
ಸೋತ ಕುದುರಿಗೂ ಸಂಘದ ಹುಲ್ಲು.
ಹೊರಗಿನವರ ಪಟ್ಟ್ಯಾಗ ಮೊದಲನೇ ಹೆಸರು,
ದಾವಲಸಾಬ ನಾಲಬಂದ."
ದಾವಲ ಎದ್ದ, ಕುರ್ಚಿ ಬಿತ್ತು.
ಅಕ್ಕಾ ಅನ್ನಲಿಲ್ಲ, ಅಧ್ಯಕ್ಷರ ಅನ್ನಲಿಲ್ಲ,
ಬಾಗಿಲದಾಗ ಬಾಳ ಹೊತ್ತು ಚಪ್ಪಲಿ ಹುಡುಕಿದ.

"ಹೋದ ವರ್ಷ ಗೆದ್ದ ಕುದುರಿ ಹೆಸರೇನ್ರಿ?"
ಕಿರ್ದಿ ತಿರುವಿ ತಿರುವಿ ನೋಡಿದೆ.
ಮಾಲಕರದೈತಿ, ಹೊಡದಾಂವಂದೈತಿ,
ಢಾಲು ಕೊಟ್ಟವರದು, ಅವರ ತಂದೀದು,
ಊಟಕ್ಕ ಬಂದ ಸಾಹೇಬರ ಡ್ರೈವರಂದು ಸುದ್ದಾ ಐತಿ.
ಕುದುರಿದಿಲ್ಲ.

ಫೆಬ್ರವರಿ ಕಡೇ ಐತ್ವಾರ, ಮುಳಗುಂದ ರಸ್ತೆ.
ಕಪ್ಪತಗುಡ್ಡದ ಕಡೆ ಗಾಳಿಯಂತ್ರ ಒಂದೂ ತಿರುಗವೊಲ್ವು.
ಹತ್ತೊಂಬತ್ತು ಟಾಂಗಾ ಇದ್ದಲ್ಲಿ ಹನ್ನೊಂದು.
ಗೆದ್ದದ್ದು ಹೋದ ಸಲಕಿಂತ ನಲವತ್ತು ಸೆಕೆಂಡು ತಡ.
"ಶರ್ಯತ್ತೋ ಮದುವಿ ದಿಬ್ಬಣೋ!" ಅಂತ ಒಬ್ಬ ಒದರಿದ,
ಮಂದಿ ನಕ್ಕರು, ನನಗೂ ನಗಿ ಬಂತು.
ಮಿರ್ಚಿ ಗಾಡಿ ಹತ್ರ ದಾವಲ, ರಸ್ತೆಗೆ ಬೆನ್ನು ಮಾಡಿ ನಿಂತಾನ.
ಗೊರಸಿನ ಸಪ್ಪಳ ದಾಟಿಹೋತು.
"ಎಡಗಾಲ ಲಾಳ ಸಡಲೈತಿ" ಅಂದ,
ಬಾಣಲಿಗೆ ಹೇಳಿದಂಗ.
ಅಷ್ಟರಾಗ ಗುರಿಗೆರಿ ಆಚೆ
ಕಾಲು ತೊಡಿಮ್ಯಾಲೆ ಎತ್ತಿಕೊಂಡು
ಬಾಯಾಗ ಮೊಳಿ ಕಚ್ಚಿ ಕುಂತಿದ್ಲು ಅಕ್ಕ.

ಬರೂ ವರ್ಷ ಆಕೀನ್ನ ಇಳಸ್ತಾರಂತ.
ಸಹಿ ಕೂಡಸಾಕ ಹತ್ಯಾರ. ನನ್ನ ಕಡೆಗೂ ಬಂದಿದ್ರು,
ಪೆನ್ನು ಅವರೇ ತಂದಿದ್ರು.
ನಾಳೆ ಬರ್ರಿ ಅಂದೆ, ಕೈಯಾಗ ಪಟ್ಟಿ ಇತ್ತು,
ಕಿರ್ದಿಯೊಳಗ ಹೊಸಾ ಖಾನೆ ಎಳಿಯಾಕ ಹತ್ತಿದ್ದೆ,
ಅಂಚಿಗೆ, ಬೆರಳಗಲ, ಅಷ್ಟ ಜಾಗ ಉಳದಿತ್ತು.

ಕಸ್ತೂರಿ. ಹೆಣ್ಣು. ಏಳು ವರ್ಷ. ಎಡಗಾಲಿಗೆ ಹೊಸಾ ಲಾಳ.
ಎಣ್ಣಿ ಖರ್ಚು, ಗಾಲಿಗೆ:
ಅರವತ್ತು ರೂಪಾಯಿ.